ಎಲ್ಲರೂ ಕೂಡಿ ಕಟ್ಟಿದ ಗಣಕ ವ್ಯವಸ್ಥೆ: ಲಿನಕ್ಸ್ ಮತ್ತು ಕನ್ನಡ ಶಾಲೆ

ಬೀದರ ನಗರಕ್ಕೆ ಹೊಂದಿಕೊಂಡಿರುವ ನೌಬಾದಿನಲ್ಲಿ ನೆಲದಡಿಯ ಪುರಾತನ ಜಲಮಾರ್ಗವೊಂದಿದೆ. ಬಹಮನಿ ಸುಲ್ತಾನರ ಕಾಲದಲ್ಲಿ, ಪರ್ಶಿಯಾ ದೇಶದ ಪದ್ಧತಿಯನ್ನು ಅನುಸರಿಸಿ, ಜಂಬಿಟ್ಟಿಗೆ ಕಲ್ಲಿನ ನೆಲವನ್ನು ಕೊರೆದು ನಿರ್ಮಿಸಿದ ಈ ಸುರಂಗಕ್ಕೆ ಕರೇಜ್ ಎಂದು ಹೆಸರು. ಯಾವ ಯಂತ್ರದ ನೆರವೂ ಇಲ್ಲದೆ, ನೆಲದ ಇಳಿಜಾರನ್ನೇ ಆಶ್ರಯಿಸಿ, ಅಂತರ್ಜಲವು ಜನವಸತಿಯ ಕಡೆಗೆ ಹರಿದು ಬರುವಂತೆ ಇದನ್ನು ರಚಿಸಲಾಗಿತ್ತು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳನ್ನು ಬಿಟ್ಟಿದ್ದರು. ಗಾಳಿ ಬೆಳಕು ಒಳಹೋಗುವುದಕ್ಕೂ, ನೀರು ಸೇದುವುದಕ್ಕೂ, ಹೂಳು ತುಂಬಿದಾಗ ಜನರು ಇಳಿದು ತೆಗೆಯುವುದಕ್ಕೂ ಅವು ಅವಶ್ಯವಾಗಿದ್ದವು. ಬಾಯಿಗಳು ಮುಚ್ಚಿಹೋದ ಮೇಲೆ ಒಳಗೆ ಏನಾಗಿದೆಯೆಂದು ತಿಳಿಯುವ ಮಾರ್ಗವೇ ಇಲ್ಲದಾಯಿತು. 2010ರ ದಶಕದಲ್ಲಿ ಅವುಗಳನ್ನು ಮತ್ತೆ ಗುರುತಿಸಿ ಹೂಳೆತ್ತುವ ಕಾರ್ಯ ನಡೆದಾಗಲೇ ಹಿರಿಯರ ಜಾಣ್ಮೆ ಹೊಸ ತಲೆಮಾರಿಗೆ ಮನವರಿಕೆಯಾಯಿತು.

ಗಣಕಯಂತ್ರದ ಲೋಕದಲ್ಲಿಯೂ ಇದೇ ಬಗೆಯ ಪ್ರಶ್ನೆಯೊಂದು ಅರ್ಧ ಶತಮಾನದಿಂದ ಚರ್ಚೆಗೆ ಒಳಗಾಗಿದೆ. ಗಣಕವನ್ನು ನಡೆಸುವ ತಂತ್ರಾಂಶವೂ ಕಣ್ಣಿಗೆ ಕಾಣದಂತೆ ಒಳಗೆ ಹರಿಯುವ ಪ್ರವಾಹವೇ. ಅದರ ಬಾಯಿಗಳು ತೆರೆದಿರಬೇಕೇ, ಮುಚ್ಚಿರಬೇಕೇ? ಬಳಸುವವನಿಗೆ ಒಳಗಿಳಿದು ನೋಡುವ, ದುರಸ್ತಿ ಮಾಡುವ, ನೆರೆಯವನೊಡನೆ ಹಂಚಿಕೊಳ್ಳುವ ಹಕ್ಕು ಇರಬೇಕೇ, ಬೇಡವೇ? ಇರಬೇಕು ಎಂದು ನಂಬಿದವರು ಜಗತ್ತಿನ ನಾನಾ ಮೂಲೆಗಳಿಂದ ಸೇರಿ ಕಟ್ಟಿದ ಕಾರ್ಯಾಚರಣ ವ್ಯವಸ್ಥೆಯೇ ಗ್ನೂ/ಲಿನಕ್ಸ್. ಶಾಲೆಗಳಲ್ಲಿ ಗಣಕ ಶಿಕ್ಷಣವು ದಾನಿಗಳ ಔದಾರ್ಯವನ್ನೂ ಶಿಕ್ಷಕರ ಶ್ರಮವನ್ನೂ ಅವಲಂಬಿಸಿರುವ ಈ ಕಾಲದಲ್ಲಿ ಇದರ ಪರಿಚಯ ಅವಶ್ಯವಾಗಿದೆ.

ಕಾರ್ಯಾಚರಣ ವ್ಯವಸ್ಥೆಯ ಸ್ವರೂಪ

ಗಣಕವು ತನ್ನಷ್ಟಕ್ಕೆ ಲೋಹ, ತಂತಿ ಮತ್ತು ಸಿಲಿಕಾನ್ ಬಿಲ್ಲೆಗಳ ಒಂದು ಪೆಟ್ಟಿಗೆ ಮಾತ್ರ. ಅದರಲ್ಲಿ ಸಂಸ್ಕಾರಕವಿದೆ, ಸ್ಮೃತಿಕೋಶವಿದೆ, ಕಡತಗಳನ್ನು ಕಾಪಾಡುವ ತಟ್ಟೆಯಿದೆ, ಕೀಲಿಮಣೆ, ಪರದೆ ಮತ್ತು ಪ್ರಿಂಟರುಗಳಿವೆ. ಇವೆಲ್ಲವುಗಳ ನಡುವೆ ಹೊಂದಾಣಿಕೆ ತರುವ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಇದನ್ನು ಶಾಲೆಯ ಮುಖ್ಯೋಪಾಧ್ಯಾಯರ ಕೆಲಸಕ್ಕೆ ಹೋಲಿಸಬಹುದು. ಯಾವ ತರಗತಿ ಯಾವ ಕೋಣೆಯಲ್ಲಿ ಕೂಡಬೇಕು, ಯಾವ ಗಂಟೆಗೆ ಯಾವ ಪಾಠ, ಪ್ರಯೋಗಾಲಯದ ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಒಬ್ಬರಿಲ್ಲದಿದ್ದರೆ ಉತ್ತಮ ಶಿಕ್ಷಕರೂ ಉತ್ತಮ ಕಟ್ಟಡವೂ ಇದ್ದು ಫಲವಿಲ್ಲ.

ಈ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಒಂದೇ ಹೊತ್ತಿಗೆ ನಡೆಯುತ್ತಿರುವಂತೆ ತೋರುವ ಅನೇಕ ಕೆಲಸಗಳಿಗೆ ಸಂಸ್ಕಾರಕದ ಸಮಯವನ್ನು ಕ್ಷಣಾಂಶಗಳಲ್ಲಿ ಹಂಚುವುದು, ಒಂದು ಕೆಲಸದ ಸ್ಮೃತಿಯೊಳಗೆ ಮತ್ತೊಂದು ಕೆಲಸ ನುಗ್ಗದಂತೆ ತಡೆಯುವುದು, ಕಡತಗಳ ಮೇಲಿನ ಅಧಿಕಾರವನ್ನು ಪರೀಕ್ಷಿಸುವುದು, ಹೊರಗಿನ ಸಲಕರಣೆಗಳೊಡನೆ ಸಂವಾದ ನಡೆಸುವುದು, ಇವು ಕರ್ನಲಿನ ಮುಖ್ಯ ಕಾರ್ಯಗಳು. ಇದರ ಮೇಲೆ ನಿತ್ಯೋಪಯೋಗಿ ಸಾಧನಗಳು, ಅವುಗಳ ಮೇಲೆ ಕಿಟಕಿ ಮತ್ತು ಚಿತ್ರಗಳ ಆವರಣ, ಅದರ ಮೇಲೆ ಬರವಣಿಗೆ, ಲೆಕ್ಕ, ಚಿತ್ರರಚನೆ ಮೊದಲಾದ ಆನ್ವಯಿಕ ತಂತ್ರಾಂಶಗಳು. ಹೀಗೆ ಅಂತಸ್ತಿನ ಮೇಲೆ ಅಂತಸ್ತು ಏರಿದ ಕಟ್ಟಡವಿದು.

ಬೀಗ ಹಾಕಿದ ವಿದ್ಯೆ

ತಂತ್ರಾಂಶಕ್ಕೆ ಎರಡು ರೂಪಗಳಿವೆ. ಮನುಷ್ಯರು ಓದಿ ತಿಳಿಯಬಲ್ಲ ಭಾಷೆಯಲ್ಲಿ ಬರೆದದ್ದು ಆಕರ ಸಂಕೇತ. ಅದನ್ನೇ ಯಂತ್ರಕ್ಕೆ ಅರ್ಥವಾಗುವಂತೆ ಸೊನ್ನೆ ಮತ್ತು ಒಂದುಗಳಿಗೆ ಪರಿವರ್ತಿಸಿದ್ದು ಯಂತ್ರ ಸಂಕೇತ. ಆಕರ ಸಂಕೇತವನ್ನು ಅಡುಗೆಯ ಪಾಕವಿಧಾನಕ್ಕೂ ಯಂತ್ರ ಸಂಕೇತವನ್ನು ಸಿದ್ಧವಾದ ಖಾದ್ಯಕ್ಕೂ ಹೋಲಿಸಬಹುದು. ಖಾದ್ಯವನ್ನು ತಿಂದು ರುಚಿ ಹೇಳಬಹುದೇ ಹೊರತು, ಅದನ್ನೇ ಮತ್ತೆ ಮಾಡುವುದಕ್ಕೆ, ಉಪ್ಪು ಖಾರ ಸರಿಪಡಿಸುವುದಕ್ಕೆ ವಿಧಾನ ತಿಳಿದಿರಬೇಕು.

ಗಣಕಗಳ ಆರಂಭದ ದಶಕಗಳಲ್ಲಿ ಆಕರ ಸಂಕೇತವನ್ನು ಯಂತ್ರದೊಡನೆಯೇ ಕೊಡುವ ವಾಡಿಕೆಯಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯ ಆಕರ ಸಂಕೇತವು ವಿಶ್ವವಿದ್ಯಾಲಯಗಳಿಗೆ ದೊರೆಯುತ್ತಿದ್ದುದರಿಂದ ಒಂದು ತಲೆಮಾರಿನ ವಿದ್ಯಾರ್ಥಿಗಳು ಅದನ್ನು ಓದಿಯೇ ವಿದ್ಯೆ ಕಲಿತರು. ತಂತ್ರಾಂಶವು ಮಾರಾಟದ ಸರಕಾಗುತ್ತ ಬಂದಂತೆ ಈ ವಾಡಿಕೆ ಮರೆಯಾಯಿತು. ಆಕರ ಸಂಕೇತವನ್ನು ಗುಟ್ಟಾಗಿ ಇಡುವುದೂ, ಪ್ರತಿ ಮಾಡುವುದನ್ನು ಪರವಾನಗಿಯ ಮೂಲಕ ನಿಷೇಧಿಸುವುದೂ ರೂಢಿಗೆ ಬಂದವು.

ಈ ಬದಲಾವಣೆಯ ಬಿಸಿ ಮೊದಲು ತಟ್ಟಿದವರಲ್ಲಿ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ರಿಚರ್ಡ್ ಸ್ಟಾಲ್ಮನ್ ಒಬ್ಬರು. ಅವರ ಪ್ರಯೋಗಾಲಯದ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಬಳಕೆದಾರರಿಗೆಲ್ಲ ಸೂಚನೆ ಹೋಗುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿಗೆ ಬಂದ ಹೊಸ ಲೇಸರ್ ಪ್ರಿಂಟರಿನ ಆಕರ ಸಂಕೇತ ದೊರೆಯದ ಕಾರಣ ಅದೇ ಉಪಕಾರವನ್ನು ಮಾಡಲು ಅವರಿಂದ ಸಾಧ್ಯವಾಗಲಿಲ್ಲ. ವಿಷಯ ಸಣ್ಣದು. ಆದರೆ ದುರಸ್ತಿ ಬಲ್ಲವನಿದ್ದೂ ದುರಸ್ತಿಗೆ ಅನುಮತಿ ಇಲ್ಲದಿರುವುದು ನ್ಯಾಯವೇ ಎಂಬ ದೊಡ್ಡ ಪ್ರಶ್ನೆ ಅದರಿಂದ ಹುಟ್ಟಿತು. 1983ರ ಸೆಪ್ಟೆಂಬರ್ 27ರಂದು ಅವರು ಸಂಪೂರ್ಣ ಸ್ವತಂತ್ರವಾದ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಕಟ್ಟುವ ಸಂಕಲ್ಪವನ್ನು ಪ್ರಕಟಿಸಿದರು. ‘ಗ್ನೂ ಎಂದರೆ ಯೂನಿಕ್ಸ್ ಅಲ್ಲ’ ಎಂಬ ಅರ್ಥ ಬರುವಂತೆ ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಸ್ಥಾಪನೆಯಾಯಿತು.

ಈ ಪ್ರತಿಷ್ಠಾನವು ಬಳಕೆದಾರನ ನಾಲ್ಕು ಸ್ವಾತಂತ್ರ್ಯಗಳನ್ನು ನಿರೂಪಿಸಿತು. ಯಾವ ಉದ್ದೇಶಕ್ಕಾದರೂ ತಂತ್ರಾಂಶವನ್ನು ಬಳಸುವುದು ಮೊದಲನೆಯದು. ಅದರ ರಚನೆಯನ್ನು ಅಭ್ಯಸಿಸಿ ತನ್ನ ಅಗತ್ಯಕ್ಕೆ ತಿದ್ದಿಕೊಳ್ಳುವುದು ಎರಡನೆಯದು. ಪ್ರತಿಗಳನ್ನು ಮಾಡಿ ಇತರರಿಗೆ ಕೊಡುವುದು ಮೂರನೆಯದು. ತಾನು ತಿದ್ದಿದ್ದನ್ನು ಸಮಾಜಕ್ಕೆ ಹಿಂದಿರುಗಿಸುವುದು ನಾಲ್ಕನೆಯದು. 1989ರಲ್ಲಿ ಪ್ರಕಟವಾದ ಗ್ನೂ ಸಾರ್ವತ್ರಿಕ ಪರವಾನಗಿಯು ಇದಕ್ಕೆ ಕಾನೂನಿನ ಕವಚವನ್ನು ಒದಗಿಸಿತು. ಈ ಪರವಾನಗಿಯ ತಂತ್ರಾಂಶವನ್ನು ತಿದ್ದಿ ಹಂಚುವವನು ಪಡೆಯುವವನಿಗೂ ಅದೇ ಹಕ್ಕುಗಳನ್ನು ಆಕರ ಸಂಕೇತದ ಸಹಿತ ಕೊಡತಕ್ಕದ್ದು. ಊರಿನ ಕೆರೆಯ ನೀರನ್ನು ಯಾರು ಬೇಕಾದರೂ ಹೊಲಕ್ಕೆ ಹಾಯಿಸಿಕೊಳ್ಳಬಹುದು, ಆದರೆ ಕೆರೆಗೆ ಬೇಲಿ ಹಾಕಿ ತನ್ನದೆನ್ನುವಂತಿಲ್ಲ ಎಂಬ ಕಟ್ಟಳೆಯಂತೆಯೇ ಇದು. ‘ಸ್ವತಂತ್ರ’ ಎಂದರೆ ಕೇವಲ ‘ಪುಕ್ಕಟೆ’ ಎಂದಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಈ ತಂತ್ರಾಂಶವನ್ನು ಮಾರಲು ಅಡ್ಡಿಯಿಲ್ಲ. ಕೊಂಡವನ ಕೈ ಕಟ್ಟಲು ಅಡ್ಡಿಯಿದೆ.

ಹೆಲ್ಸಿಂಕಿಯ ವಿದ್ಯಾರ್ಥಿ

1990ರ ಹೊತ್ತಿಗೆ ಗ್ನೂ ಯೋಜನೆಯ ಬಹುತೇಕ ಸಾಧನಗಳು ಸಿದ್ಧವಾಗಿದ್ದವು. ತಿರುಳಾದ ಕರ್ನಲ್ ಮಾತ್ರ ಪೂರ್ಣವಾಗಿರಲಿಲ್ಲ. ಆ ಕೊರತೆಯನ್ನು ತುಂಬಿದವನು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರು ಬೋಧನೆಗಾಗಿ 1987ರಲ್ಲಿ ರಚಿಸಿದ್ದ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ಅಭ್ಯಸಿಸುತ್ತಿದ್ದ ಆತ, 1991ರ ಆಗಸ್ಟ್ 25ರಂದು, ತಾನು ಹವ್ಯಾಸಕ್ಕಾಗಿ ಒಂದು ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿಯೂ, ಅದು ಗ್ನೂವಿನಂತೆ ದೊಡ್ಡದಾಗಲಾರದೆಂದೂ ತಿಳಿಸಿ ಇತರರ ಸಲಹೆ ಕೇಳಿದ. ಮುಂದಿನ ತಿಂಗಳು ಹೊರಬಂದ ಮೊದಲ ಆವೃತ್ತಿಯಲ್ಲಿ ಸುಮಾರು 10 ಸಾವಿರ ಸಾಲುಗಳ ಸಂಕೇತವಿತ್ತು. 1992ರಲ್ಲಿ ಅದನ್ನು ಗ್ನೂ ಸಾರ್ವತ್ರಿಕ ಪರವಾನಗಿಗೆ ಒಳಪಡಿಸಿದ್ದರಿಂದ ಎರಡು ಹೊಳೆಗಳು ಒಂದಾದವು. ಇಂದು ಆ ಕರ್ನಲಿನ ಗಾತ್ರ 3 ಕೋಟಿ ಸಾಲುಗಳನ್ನು ಮೀರಿದೆ.

ಇಷ್ಟು ಜನ ಕೈಹಾಕಿದ ಕೆಲಸ ಕೆಟ್ಟುಹೋಗದೆ ಉಳಿದದ್ದು ಹೇಗೆ ಎಂಬ ಸಂಶಯ ಸಹಜ. ಯಾರು ಬೇಕಾದರೂ ತಿದ್ದುಪಡಿಯನ್ನು ಸೂಚಿಸಬಹುದು, ಆದರೆ ಅದು ತಾನೇ ತಾನಾಗಿ ಸೇರುವುದಿಲ್ಲ. ಕರ್ನಲಿನ ಪ್ರತಿಯೊಂದು ಭಾಗಕ್ಕೂ ಪಾಲಕರಿದ್ದಾರೆ. ಅವರು ತಿದ್ದುಪಡಿಯನ್ನು ಓದಿ, ಪ್ರಶ್ನಿಸಿ, ಪರೀಕ್ಷಿಸಿ, ಒಪ್ಪಿದ ಬಳಿಕ ಮೇಲಿನವರಿಗೆ ಕಳುಹಿಸುತ್ತಾರೆ. ಯಾವ ಸಾಲನ್ನು ಯಾರು, ಎಂದು, ಏಕೆ ಬದಲಾಯಿಸಿದರು ಎಂಬ ದಾಖಲೆ ಶಾಶ್ವತವಾಗಿ ಉಳಿಯುತ್ತದೆ. ಈ ದಾಖಲಾತಿಗಾಗಿ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಎಂಬ ಸಾಧನವನ್ನು ರಚಿಸಿದರು. ಇದರಲ್ಲಿ ದುಡಿಯುವವರೆಲ್ಲರೂ ವೇತನವಿಲ್ಲದ ಸ್ವಯಂಸೇವಕರೆಂದು ಭಾವಿಸುವುದು ಸರಿಯಲ್ಲ. ಕರ್ನಲಿನ ಕೆಲಸದ ಬಹುಪಾಲನ್ನು ಇಂದು ಅದರಿಂದ ಪ್ರಯೋಜನ ಪಡೆಯುವ ಉದ್ಯಮಗಳ ಸಿಬ್ಬಂದಿಯೇ ಮಾಡುತ್ತಾರೆ. ಕೆರೆಯ ಹೂಳೆತ್ತಲು ದೊಡ್ಡ ಹಿಡುವಳಿದಾರನು ಹೆಚ್ಚು ಆಳುಗಳನ್ನು ಕಳುಹಿಸಿದಂತೆ ಇದು. ಹೆಚ್ಚು ಆಳು ಕಳುಹಿಸಿದ ಮಾತ್ರಕ್ಕೆ ಕೆರೆ ಅವನದಾಗದು ಎಂಬುದೇ ವ್ಯವಸ್ಥೆಯ ಮರ್ಮ.

ಕರ್ನಲ್, ಗ್ನೂ ಸಾಧನಗಳು ಮತ್ತು ಆನ್ವಯಿಕ ತಂತ್ರಾಂಶಗಳನ್ನು ಒಟ್ಟುಗೂಡಿಸಿ, ಜನಸಾಮಾನ್ಯರು ಸ್ಥಾಪಿಸಿಕೊಳ್ಳಲು ಅನುಕೂಲವಾಗುವಂತೆ ಸಿದ್ಧಪಡಿಸಿದ ಸಂಗ್ರಹಕ್ಕೆ ವಿತರಣೆ ಎಂದು ಹೆಸರು. 1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇವುಗಳಲ್ಲಿ ಸಮುದಾಯದ ಆಡಳಿತಕ್ಕೆ ಉತ್ತಮ ನಿದರ್ಶನ. ಅದಕ್ಕೆ ಒಡೆಯರಿಲ್ಲ. 1997ರಲ್ಲಿ ಅಂಗೀಕರಿಸಿದ ಸಾಮಾಜಿಕ ಒಡಂಬಡಿಕೆಯೂ ಮರುವರ್ಷದ ಸಂವಿಧಾನವೂ ಅದಕ್ಕಿವೆ. ಸದಸ್ಯರು ವರ್ಷಕ್ಕೊಮ್ಮೆ ತಮ್ಮ ಮುಖಂಡನನ್ನು ಮತದಾನದಿಂದ ಆರಿಸುತ್ತಾರೆ. ಅದರ ಭಂಡಾರದಲ್ಲಿ 60 ಸಾವಿರಕ್ಕೂ ಹೆಚ್ಚು ತಂತ್ರಾಂಶದ ಕಟ್ಟುಗಳಿವೆ. 2004ರಲ್ಲಿ ಬಂದ ಉಬುಂಟು ಇದೇ ಡೆಬಿಯನ್ನಿನ ಬುನಾದಿಯ ಮೇಲೆ ನಿಂತಿದೆ.

ಲಿನಕ್ಸ್ ಎಲ್ಲಿಯೋ ದೂರದ ಪ್ರಯೋಗಾಲಯದ ವಸ್ತುವೆಂದು ತಿಳಿಯುವ ಕಾರಣವಿಲ್ಲ. 2008ರಿಂದ ಮಾರುಕಟ್ಟೆಯಲ್ಲಿರುವ ಆಂಡ್ರಾಯ್ಡ್ ದೂರವಾಣಿಗಳ ಒಳತಿರುಳು ಲಿನಕ್ಸ್ ಕರ್ನಲೇ. ಜಗತ್ತಿನ ಅತಿ ವೇಗದ 500 ಮಹಾಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಎಲ್ಲವೂ ಲಿನಕ್ಸನ್ನೇ ಬಳಸುತ್ತಿವೆ. ಬೀದರ, ಭಾಲ್ಕಿ, ಔರಾದಿನ ಪೇಟೆಗಳಲ್ಲಿ ಆಂಡ್ರಾಯ್ಡ್ ದೂರವಾಣಿಯನ್ನು ಜೇಬಿನಲ್ಲಿಟ್ಟು ನಡೆಯುವ ರೈತನೂ ವ್ಯಾಪಾರಿಯೂ ತಿಳಿಯದೆಯೇ ಇದರ ಬಳಕೆದಾರರಾಗಿದ್ದಾರೆ.

ಕನ್ನಡ ಅಕ್ಷರಗಳ ಪ್ರಶ್ನೆ

ಕನ್ನಡಿಗರಿಗೆ ಯಾವುದೇ ಗಣಕ ವ್ಯವಸ್ಥೆಯ ನಿಜವಾದ ಪರೀಕ್ಷೆ ಅದರಲ್ಲಿ ಕನ್ನಡ ಮೂಡುವ ಬಗೆಯಲ್ಲಿದೆ. ಹಿಂದೆ ಪ್ರತಿಯೊಂದು ಕನ್ನಡ ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ತನಗೆ ತೋಚಿದಂತೆ ಕನ್ನಡದ ತುಣುಕುಗಳನ್ನು ಇರಿಸುತ್ತಿತ್ತು. ಒಂದರಲ್ಲಿ ಸಿದ್ಧಪಡಿಸಿದ ಪ್ರಶ್ನಪತ್ರಿಕೆಯನ್ನು ಅದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಮುದ್ರಣಾಲಯಕ್ಕೆ ಕಡತ ಒಯ್ದು ಬರಿಗೈಯಲ್ಲಿ ಹಿಂದಿರುಗಿದ ಅನುಭವ ಆ ಕಾಲದ ಅನೇಕ ಶಿಕ್ಷಕರಿಗೆ ಇದ್ದೇ ಇದೆ.

ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯು 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನಗಳನ್ನು ನೀಡಿತು. ಅದರಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರವು ಸ, ವಿರಾಮ ಚಿಹ್ನೆ, ತ, ವಿರಾಮ ಚಿಹ್ನೆ, ರ, ಈ-ಕಾರ ಎಂಬ 6 ಸಂಕೇತಗಳಾಗಿ ದಾಖಲಾಗುತ್ತದೆ. ಅವುಗಳನ್ನು ಕೂಡಿಸಿ ಒತ್ತುಗಳನ್ನು ಕೆಳಗಿಳಿಸಿ ಸುಂದರವಾದ ಒಂದು ರೂಪವನ್ನು ಪರದೆಯ ಮೇಲೆ ಮೂಡಿಸುವ ಕೆಲಸ ಬೇರೊಂದು ತಂತ್ರಾಂಶದ್ದು. ಲಿನಕ್ಸಿನಲ್ಲಿ ಈ ಹೊಣೆ ಹೊತ್ತ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಅದನ್ನು ಬೆಳೆಸಿದ ಬೆಹದಾದ್ ಇಸ್ಫಹಬೋದ್ ಇರಾನ್ ಮೂಲದವರು. ಪಾರಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಉರ್ದು ಬಲ್ಲ ಬೀದರಿನ ಹಿರಿಯರಿಗೆ ಹರ್ಫ್ ಎಂಬ ಮಾತು ಅಪರಿಚಿತವಲ್ಲ. ಕರೇಜಿನ ವಿದ್ಯೆ ಬಂದ ದೇಶದ ಒಬ್ಬ ತಂತ್ರಜ್ಞನ ಕೈಚಳಕ ಇಂದು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತಿದೆ.

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನಲ್ಲಿ ಅಂತರ್ಗತವಾಗಿದೆ. ಬೇರೆ ತಂತ್ರಾಂಶವನ್ನು ಕೊಳ್ಳದೆಯೇ ಅದನ್ನು ಆರಿಸಿ ಕನ್ನಡ ಬೆರಳಚ್ಚು ಮಾಡಬಹುದು. ಲೋಹಿತ್ ಮೊದಲಾದ ಕನ್ನಡ ಅಕ್ಷರಶೈಲಿಗಳೂ ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಯೂನಿಕೋಡ್ ಕನ್ನಡವು ಇಂದು ಒಡೆತನದ ವ್ಯವಸ್ಥೆಗಳಲ್ಲಿಯೂ ಚೆನ್ನಾಗಿಯೇ ಮೂಡುತ್ತದೆ ಎಂಬುದನ್ನು ಒಪ್ಪಬೇಕು. ವ್ಯತ್ಯಾಸವಿರುವುದು ಇಷ್ಟರಲ್ಲಿ: ಮುಕ್ತ ವ್ಯವಸ್ಥೆಯಲ್ಲಿ ಕನ್ನಡದ ಒಂದು ಪದ ತಪ್ಪಾಗಿದ್ದರೆ ಅದನ್ನು ತಿದ್ದಲು ಕನ್ನಡಿಗನಿಗೇ ಹಕ್ಕಿದೆ, ಮಾರುಕಟ್ಟೆಯ ಲೆಕ್ಕಾಚಾರಕ್ಕಾಗಿ ಕಾಯಬೇಕಿಲ್ಲ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಬೀದಿಯಲ್ಲಿ ಕೇಳಿಬರುವ ಬೀದರ ಜಿಲ್ಲೆಗೆ ಇನ್ನೊಂದು ಅನುಕೂಲವುಂಟು. ಎಡದಿಂದ ಬಲಕ್ಕೆ ಸಾಗುವ ಕನ್ನಡವನ್ನೂ ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನೂ ಒಂದೇ ಗಣಕದಲ್ಲಿ, ಒಂದೇ ಕಡತದಲ್ಲಿ ಬರೆಯಬಹುದು.

ಕಾಸರಗೋಡಿನ ಪಾಠ

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಉತ್ತರದ ಗಡಿಯ ಕನ್ನಡಿಗರು ಒಳಗೆ ಬಂದ ಗಳಿಗೆಯಲ್ಲಿಯೇ ದಕ್ಷಿಣದ ಗಡಿಯ ಕನ್ನಡಿಗರು ಹೊರಗುಳಿದರು. ಆದರೆ ಗಣಕ ಶಿಕ್ಷಣದ ಈ ಒಂದು ವಿಷಯದಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಿಂದ ಕಲಿಯತಕ್ಕದ್ದು ಬಹಳವಿದೆ.

ಕೇರಳ ಸರ್ಕಾರವು 2001ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. ಮೊದಲ ಪಠ್ಯಪುಸ್ತಕಗಳು ಒಂದು ಒಡೆತನದ ವ್ಯವಸ್ಥೆಯನ್ನೇ ಆಧರಿಸಿದ್ದವು. ಸಾರ್ವಜನಿಕ ಶಾಲೆಯ ಪಾಠವು ಒಂದು ಕಂಪನಿಯ ಸರಕಿನ ಬಳಕೆಯ ಪಾಠವಾಗಬಾರದೆಂದು ಶಿಕ್ಷಕರ ಸಂಘಟನೆಯೂ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರೂ ಆಕ್ಷೇಪವೆತ್ತಿದರು. ಕ್ರಮೇಣ ಪಠ್ಯವೂ ತರಬೇತಿಯೂ ಪ್ರಯೋಗಾಲಯವೂ ಬದಲಾದವು. 2008ರ ವೇಳೆಗೆ ಎಸ್.ಎಸ್.ಎಲ್.ಸಿ. ಮಟ್ಟದ ಐಟಿ ಪರೀಕ್ಷೆಯು ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶದಲ್ಲಿಯೇ ನಡೆಯುವಂತಾಯಿತು. 2017ರಲ್ಲಿ ಈ ಯೋಜನೆ ಕೈಟ್ ಎಂಬ ಸಂಸ್ಥೆಯಾಗಿ ರೂಪಾಂತರಗೊಂಡಿತು. ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಸಿದ್ಧಪಡಿಸಿದ ಕೈಟ್ ಗ್ನೂ/ಲಿನಕ್ಸ್ ಎಂಬ ವಿತರಣೆ ಕೇರಳದ ಶಾಲಾ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಈ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳುಗಳೊಡನೆ ಕನ್ನಡದಲ್ಲಿಯೂ ಪ್ರಕಟವಾಗುತ್ತವೆ. ತತ್ಪರಿಣಾಮವಾಗಿ ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಆಧಾರಿತ ಗಣಕ ಪಾಠವನ್ನು ಮಾತೃಭಾಷೆಯಲ್ಲಿಯೇ ಓದುತ್ತಿದ್ದಾರೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೂ ರಾಜ್ಯದ ಇತರ ಮಕ್ಕಳಿಗೆ ದೊರೆತ ತಂತ್ರಾಂಶವೇ ದೊರೆಯಿತು. ಭಾಷೆಯೊಂದಕ್ಕೆ ಪ್ರತ್ಯೇಕ ಪರವಾನಗಿ ಶುಲ್ಕದ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಸಂಘಗಳ ಮೂಲಕ ಪ್ರೌಢಶಾಲೆಯ ಮಕ್ಕಳು ಚಿತ್ರಚಲನೆ, ಪ್ರೋಗ್ರಾಮಿಂಗ್, ಯಂತ್ರಾಂಶದ ಪಾಲನೆ ಮೊದಲಾದವುಗಳಲ್ಲಿ ತರಬೇತಿ ಪಡೆಯುತ್ತಾರೆ. ಸ್ವತಂತ್ರ ತಂತ್ರಾಂಶದಿಂದ ಆಗಿರುವ ಪರವಾನಗಿ ವೆಚ್ಚದ ಉಳಿತಾಯವನ್ನು ಆ ಸಂಸ್ಥೆಯು 2019ರಲ್ಲಿ ಸುಮಾರು 3,000 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು.

ಹಣದ ಉಳಿತಾಯಕ್ಕಿಂತ ಹಿರಿದಾದ ಅಂಶವೊಂದು ಇಲ್ಲಿದೆ. ಅಲ್ಲಿ ಬದಲಾವಣೆ ಫಲಿಸಿದ್ದು ತಂತ್ರಾಂಶ ಪುಕ್ಕಟೆ ಎಂಬ ಕಾರಣದಿಂದಲ್ಲ, ಶಿಕ್ಷಕರಿಗೆ ಮೊದಲು ತರಬೇತಿ ಕೊಟ್ಟು, ಪಠ್ಯವನ್ನು ಬರೆದು, ಪರೀಕ್ಷೆಯನ್ನು ಅದಕ್ಕೆ ಹೊಂದಿಸಿದ್ದರಿಂದ.

ಕರ್ನಾಟಕದ ಪ್ರಯತ್ನಗಳು

ಕರ್ನಾಟಕದಲ್ಲಿಯೂ ಈ ದಿಕ್ಕಿನ ಪ್ರಯತ್ನಗಳು ನಡೆದಿವೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಸಹಯೋಗದಲ್ಲಿ 2011ರ ಸುಮಾರಿನಿಂದ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮವನ್ನು ನಡೆಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಲು ಕಲಿತು, ತಮ್ಮ ಪಾಠ ಸಾಮಗ್ರಿಯನ್ನು ತಾವೇ ಸಿದ್ಧಪಡಿಸಿ ಹಂಚಿಕೊಳ್ಳುವುದು ಅದರ ಉದ್ದೇಶ. ಮುಂದೆ 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಸಂಗ್ರಹ ರೂಪುಗೊಂಡಿತು. ಜಿಯೋಜೀಬ್ರಾದಲ್ಲಿ ತ್ರಿಭುಜದ ಒಂದು ಮೂಲೆಯನ್ನು ಎಳೆದಾಗ ಕೋನಗಳು ಬದಲಾದರೂ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ಮಗು ಕಣ್ಣಾರೆ ಕಂಡರೆ ಪ್ರಮೇಯ ಬಾಯಿಪಾಠವಾಗಿ ಉಳಿಯುವುದಿಲ್ಲ.

ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನನ್ನು ಆಧರಿಸಿ ರೂಪಿಸಿದ ಬಾಸ್ ಎಂಬ ವಿತರಣೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಎಡೆಮಾಡಿದೆ. 2015ರಲ್ಲಿ ಭಾರತ ಸರ್ಕಾರವು ಆಡಳಿತದಲ್ಲಿ ಮುಕ್ತ ಆಕರ ತಂತ್ರಾಂಶವನ್ನು ಅಳವಡಿಸುವ ನೀತಿಯನ್ನೂ ಪ್ರಕಟಿಸಿತು.

ಆಕ್ಷೇಪಗಳು ಮತ್ತು ಪರಿಮಿತಿಗಳು

ಯಾವುದೇ ವಸ್ತುವಿನ ಗುಣವನ್ನು ಮಾತ್ರ ಹೇಳಿ ದೋಷವನ್ನು ಮರೆಮಾಚುವುದು ವಿದ್ಯೆಯ ಲಕ್ಷಣವಲ್ಲ. ಲಿನಕ್ಸಿನ ಬಗೆಗೆ ಶಿಕ್ಷಕರೂ ಪಾಲಕರೂ ಎತ್ತುವ ಆಕ್ಷೇಪಗಳಲ್ಲಿ ಕೆಲವು ಸಕಾರಣವಾಗಿವೆ. ಮುದ್ರಣಾಲಯಗಳಲ್ಲಿ ಬಳಕೆಯಲ್ಲಿರುವ ಕೆಲವು ಪುಟವಿನ್ಯಾಸ ತಂತ್ರಾಂಶಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯ ಸಂಕೇತಗಳಲ್ಲಿರುವ ಕನ್ನಡ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಾಗುತ್ತದೆ. ಕೆಲವು ಪ್ರಿಂಟರು ಮತ್ತು ಸ್ಕ್ಯಾನರುಗಳ ತಯಾರಕರು ಲಿನಕ್ಸಿಗೆ ಬೇಕಾದ ಚಾಲಕ ತಂತ್ರಾಂಶವನ್ನು ಒದಗಿಸಿಲ್ಲ. ಆದುದರಿಂದ ಕೊಳ್ಳುವ ಮುನ್ನವೇ ವಿಚಾರಿಸಬೇಕು. ತಂತ್ರಾಂಶಗಳ ಕನ್ನಡ ಅನುವಾದವೂ ಎಲ್ಲೆಡೆ ಪೂರ್ಣವಾಗಿಲ್ಲ. ಒಂದು ಪಟ್ಟಿಯಲ್ಲಿ ಕನ್ನಡವೂ ಅದರ ಕೆಳಗೆ ಇಂಗ್ಲಿಷೂ ಕಾಣುವುದುಂಟು. ಇದು ತಂತ್ರಾಂಶದ ದೋಷಕ್ಕಿಂತ ಹೆಚ್ಚಾಗಿ ಕೈಗೂಡಿಸುವ ಕನ್ನಡಿಗರ ಸಂಖ್ಯೆ ಸಾಲದಿರುವುದರ ಫಲ.

ಉದ್ಯೋಗಕ್ಕೆ ಬೇಕಾದುದು ಪೇಟೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ವ್ಯವಸ್ಥೆಯಲ್ಲವೇ ಎಂಬ ಪ್ರಶ್ನೆಯೂ ಇದೆ. ಕಚೇರಿಯ ಮೇಜಿನ ಗಣಕಗಳಲ್ಲಿ ಒಡೆತನದ ವ್ಯವಸ್ಥೆಗಳು ಹೆಚ್ಚಾಗಿರುವುದು ನಿಜ. ಆದರೆ ಗಣಕ ಶಿಕ್ಷಣದ ಗುರಿ ಗುಂಡಿಗಳ ಸ್ಥಾನವನ್ನು ನೆನಪಿಡುವುದಲ್ಲ, ತತ್ತ್ವವನ್ನು ಗ್ರಹಿಸುವುದು. ಕಡತ, ಕೋಷ್ಟಕ, ಸೂತ್ರಗಳ ಕಲ್ಪನೆ ಸ್ಪಷ್ಟವಾದವನಿಗೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಕೆಲವು ದಿನಗಳ ಮಾತು. ಇದರ ಜೊತೆಗೆ ಒಂದು ನೈತಿಕ ಅಂಶವನ್ನೂ ಮರೆಯಲಾಗದು. ಪರವಾನಗಿಯಿಲ್ಲದ ಕಳ್ಳಪ್ರತಿಯನ್ನು ಪ್ರಯೋಗಾಲಯದಲ್ಲಿ ಸ್ಥಾಪಿಸಿ, ಪಕ್ಕದ ತರಗತಿಯಲ್ಲಿ ಪ್ರಾಮಾಣಿಕತೆಯ ಪಾಠ ಹೇಳುವುದು ಯಾವ ಶಾಲೆಗೂ ಶೋಭಿಸುವುದಿಲ್ಲ.

ಶಾಲೆ, ದಾನಿ ಮತ್ತು ಹಳೆಯ ವಿದ್ಯಾರ್ಥಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10 ವ್ಯವಸ್ಥೆಗೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಗೆ ನಿಗದಿತ ಸಂಸ್ಕಾರಕವೂ ವಿಶೇಷ ಭದ್ರತಾ ಬಿಲ್ಲೆಯೂ ಬೇಕಾಗಿರುವುದರಿಂದ, ದಾನಿಗಳು ಶಾಲೆಗಳಿಗೆ ಕೊಟ್ಟ ಎಷ್ಟೋ ಗಣಕಗಳು ಯಂತ್ರಾಂಶ ಗಟ್ಟಿಯಾಗಿದ್ದರೂ ಆ ಆವೃತ್ತಿಗೆ ಅನರ್ಹವಾಗಿವೆ. ಇಂಥ ಗಣಕಗಳಿಗೆ ಹೊದಿಕೆ ಹೊದಿಸಿ ಮೂಲೆಗೆ ಸೇರಿಸುವುದು ಕೊಟ್ಟವರ ಶ್ರದ್ಧೆಗೆ ಮಾಡುವ ಅನ್ಯಾಯ. 2 ಅಥವಾ 4 ಜಿಬಿ ಸ್ಮೃತಿಯ ಹಳೆಯ ಗಣಕದಲ್ಲಿಯೂ ಎಕ್ಸ್‌ಎಫ್‌ಸಿಇ ಮೊದಲಾದ ಹಗುರವಾದ ಆವರಣದೊಡನೆ ಡೆಬಿಯನ್ ನಡೆಯಬಲ್ಲದು.

ಪ್ರಯೋಗಿಸಿ ನೋಡಬಯಸುವ ಶಾಲೆ ಹೀಗೆ ಮುಂದುವರಿಯಬಹುದು. ಮೊದಲು ಒಂದು ಪೆನ್‌ಡ್ರೈವಿನಲ್ಲಿ ವ್ಯವಸ್ಥೆಯನ್ನು ತುಂಬಿ, ಗಣಕದ ಒಳಗಿನ ಕಡತಗಳನ್ನು ಮುಟ್ಟದೆಯೇ ಅದರಿಂದಲೇ ನಡೆಸಿ ನೋಡಬೇಕು. ಪ್ರಿಂಟರ್, ಧ್ವನಿ, ಅಂತರಜಾಲ, ಕಗಪ ಕೀಲಿಮಣೆ ಇವು ಸರಿಯಾಗಿವೆಯೇ ಎಂದು ಪರೀಕ್ಷಿಸಬೇಕು. ಅಗತ್ಯದ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟ ಬಳಿಕ ಒಂದೆರಡು ಗಣಕಗಳಲ್ಲಿ ಮಾತ್ರ ಸ್ಥಾಪಿಸಿ, ಶಿಕ್ಷಕರು ಒಂದು ಅವಧಿ ಬಳಸಿ ನೋಡಬೇಕು. ಮಕ್ಕಳ ಕೈಗೆ ಕೊಡುವುದು ಆಮೇಲಿನ ಮಾತು. ಪ್ರಾಥಮಿಕ ತರಗತಿಗೆ ಜಿಕಾಂಪ್ರಿ ಮತ್ತು ಟಕ್ಸ್ ಪೇಂಟ್, ಪ್ರೌಢಶಾಲೆಗೆ ಜಿಯೋಜೀಬ್ರಾ ಮತ್ತು ಮೂಲವಸ್ತುಗಳ ಕೋಷ್ಟಕವನ್ನು ತೋರುವ ಕಾಲ್ಜಿಯಂ, ಕಚೇರಿಗೆ ಲಿಬ್ರೆಆಫೀಸ್ ಉಪಯುಕ್ತವಾಗಿವೆ. ದಾನಿಗಳು ಯಂತ್ರದ ಜೊತೆಗೆ ಒಬ್ಬ ಶಿಕ್ಷಕರ ತರಬೇತಿಯ ವೆಚ್ಚವನ್ನೂ ವಹಿಸಿಕೊಂಡರೆ ದಾನದ ಆಯುಷ್ಯ ಹೆಚ್ಚುತ್ತದೆ. ಬೆಂಗಳೂರು, ಹೈದರಾಬಾದ್, ಪುಣೆಗಳ ತಂತ್ರಾಂಶ ಉದ್ಯಮದಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಒಂದು ದಿನವನ್ನು ಪ್ರಯೋಗಾಲಯಕ್ಕೆ ಮೀಸಲಿಟ್ಟರೆ ಅದು ಹಣಕ್ಕಿಂತ ಮಿಗಿಲಾದ ಕಾಣಿಕೆಯಾಗುತ್ತದೆ.

ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಎಡೆಯಿಲ್ಲದಿದ್ದ ದಿನಗಳಲ್ಲಿ ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ಈ ಭಾಗದ ಮನೆಮನೆಯ ಮಾತು. ಇಂದು ಕನ್ನಡಕ್ಕೆ ಅಂಥ ನಿರ್ಬಂಧವಿಲ್ಲ. ಆದರೂ ಶಾಲೆಯ ಗೋಡೆಯ ಮೇಲೆ ಕನ್ನಡದ ಫಲಕವಿದ್ದು, ಒಳಗೆ ಗಣಕದ ಪರದೆಯ ಮೇಲೆ ಕನ್ನಡವಿಲ್ಲದಿರುವ ವಿಪರ್ಯಾಸ ಅನೇಕ ಕಡೆ ಕಾಣಸಿಗುತ್ತದೆ. ಅದನ್ನು ಸರಿಪಡಿಸುವ ಸಾಧನ ಈಗ ಕೈಗೆಟುಕುವಂತಿದೆ. ಅದಕ್ಕೆ ಬೆಲೆಯಾಗಿ ಕೇಳುವುದು ಕಲಿಯುವ ಮನಸ್ಸನ್ನು, ಕಲಿತದ್ದನ್ನು ಹಂಚುವ ಔದಾರ್ಯವನ್ನು.

ಮೈಲೂರ ಪರಿಸರದ ಶಾಲೆಯಲ್ಲಿ ಕುಳಿತ ಬಾಲಕಿಯೊಬ್ಬಳು ಒಂದು ತಪ್ಪು ಅನುವಾದವನ್ನು ಗುರುತಿಸಿ, ಸರಿಯಾದ ಕನ್ನಡ ಪದವನ್ನು ಸೂಚಿಸಿ, ಅದು ಪರಿಶೀಲನೆಯಾಗಿ ಒಪ್ಪಿಗೆ ಪಡೆದರೆ, ಆ ಪದ ಮುಂದಿನ ಆವೃತ್ತಿಯಲ್ಲಿ ಜಗತ್ತಿನ ಎಲ್ಲ ಕನ್ನಡಿಗರ ಪರದೆಯನ್ನು ತಲುಪುತ್ತದೆ. ಕೊಳ್ಳುವ ಗಿರಾಕಿಯಾಗಿ ಮಾತ್ರವಲ್ಲದೆ ಕಟ್ಟುವ ಪಾಲುಗಾರಳಾಗಿ ಆಕೆ ಗಣಕ ಲೋಕವನ್ನು ಪ್ರವೇಶಿಸುತ್ತಾಳೆ. ಕರೇಜಿನ ಬಾಯಿಗಳನ್ನು ತೆರೆದಿಟ್ಟ ಹಿರಿಯರು ನೀರಿನ ವಿಷಯದಲ್ಲಿ ತೋರಿದ ವಿವೇಕವನ್ನು ವಿದ್ಯೆಯ ವಿಷಯದಲ್ಲಿ ಉಳಿಸಿಕೊಳ್ಳುವುದು ಇಂದಿನ ಶಾಲೆಗಳ ಹೊಣೆಯಾಗಿದೆ.